ಕೊಂದವರು ಯಾರೆಂದು ಕೇಳದ ವಿಚಾರಣೆ

2003ರ ನವೆಂಬರ್. ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಒಬ್ಬ ಮಹಿಳೆ ತನ್ನದೇ ಮನೆಯ ಕಪಾಟಿನೊಳಗೆ ಅಡಗಿ ಕೂತು ಪೊಲೀಸರ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದ್ದರು. ದೂರವಾಗಿದ್ದ ಗಂಡ ಬಂದೂಕು ಹಿಡಿದು ಬಂದಿದ್ದ. ಹದಿಹರೆಯದ ಮಗನನ್ನು ಹೊರಗೇ ಕೊಂದಿದ್ದ. ಫೋನ್ ಸಂಪರ್ಕದಲ್ಲಿ ಇರುವಾಗಲೇ ಆಕೆಯನ್ನೂ ಕೊಂದ. ಪೊಲೀಸರು ಒಳಗೆ ಕಾಲಿಟ್ಟಿದ್ದು ಎಷ್ಟೋ ಗಂಟೆಗಳ ನಂತರ. ಕೊಲೆ ಬೆದರಿಕೆ ಇದೆ ಎಂದು ಆಕೆ ಅವರಿಗೆ ಮೊದಲೇ ದೂರು ಕೊಟ್ಟಿದ್ದರು.

ಗಂಡ ತಾನೂ ಗುಂಡು ಹಾರಿಸಿಕೊಂಡು ಸತ್ತ. ಆರೋಪಿಯೇ ಇಲ್ಲವೆಂದ ಮೇಲೆ ಕ್ರಿಮಿನಲ್ ಮೊಕದ್ದಮೆ ಎಲ್ಲಿಂದ ಬರಬೇಕು? ದೂರು ಕೊಟ್ಟ ದಿನದಿಂದ ಸತ್ತ ದಿನದವರೆಗೆ ಯಾರು ಏನು ಮಾಡಿದರು ಎಂದು ಕೇಳುವವರು ಯಾರು? ಕೇಳಿದವರು ಆಕೆಯ ಒಡಹುಟ್ಟಿದ ಫ್ರಾಂಕ್ ಮಲೇನ್. ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ, 2008ರಲ್ಲಿ ಆ ಸಾವುಗಳ ಪರಾಮರ್ಶೆಯ ವರದಿ ಹೊರಬಂತು. ಇಂಥ ಕುಟುಂಬಗಳಿಗೆ ನೆರವಾಗಲು ಅವರು ಸಂಸ್ಥೆಯನ್ನೂ ಕಟ್ಟಿದರು.

ಸೋಜಿಗವೆಂದರೆ, ಇಂಥ ಪರಾಮರ್ಶೆಗೆ ಕಾನೂನು ಆಗಲೇ ಇತ್ತು. 2004ರ ಕೌಟುಂಬಿಕ ಹಿಂಸೆ ಕಾಯ್ದೆಯ 9ನೇ ಕಲಂ 'ಡೊಮೆಸ್ಟಿಕ್ ಹೋಮಿಸೈಡ್ ರಿವ್ಯೂ'ಗೆ, ಅಂದರೆ ಕೌಟುಂಬಿಕ ಕೊಲೆಯ ಪರಾಮರ್ಶೆಗೆ, ಅವಕಾಶ ಕೊಟ್ಟಿತ್ತು. ಆದರೆ ಅದು ನೆನೆಗುದಿಗೆ ಬಿದ್ದು, ಜಾರಿಗೆ ಬಂದದ್ದು 2011ರ ಏಪ್ರಿಲ್ 13ರಂದು. ಸಂಸತ್ತು ಒಪ್ಪಿದ ಒಂದು ಕಲಮಿಗೆ ಏಳು ವರ್ಷದ ಅಜ್ಞಾತವಾಸ! ಯೋಚನೆ ಬ್ರಿಟನ್ನಿನದ್ದೇ ಎಂದೇನೂ ಅಲ್ಲ. 1990ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಂಡನಿಂದ ಕೊಲೆಯಾದ ಮಹಿಳೆಯೊಬ್ಬರ ಪ್ರಕರಣದಲ್ಲಿ ಪೊಲೀಸ್, ಕೋರ್ಟು ಎಲ್ಲೆಲ್ಲಿ ಎಡವಿದವು ಎಂದು ಬಿಡಿಸಿ ನೋಡಿದ್ದರು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಪದ್ಧತಿ ಹೀಗಿದೆ. ಹದಿನಾರು ತುಂಬಿದವರು ಸಂಗಾತಿ, ಮಾಜಿ ಸಂಗಾತಿ, ಬಂಧು ಇಲ್ಲವೇ ಒಂದೇ ಸೂರಿನಡಿ ಇದ್ದವರ ಕೈಯಲ್ಲಿ ಸತ್ತರೆ ಸ್ಥಳೀಯ ಸುರಕ್ಷತಾ ಸಮಿತಿಯು ಪರಾಮರ್ಶೆಗೆ ಮುಂದಾಗಬೇಕು. ಅಧ್ಯಕ್ಷರು ಹೊರಗಿನವರು. ಪೊಲೀಸ್, ಆಸ್ಪತ್ರೆ, ವಸತಿ ಇಲಾಖೆ, ಮಕ್ಕಳ ಇಲಾಖೆ ತಂತಮ್ಮ ಕಡತ ತೆಗೆದು ತಾರೀಖುವಾರು ಬರೆದು ಕೊಡುತ್ತವೆ. ಅದನ್ನೆಲ್ಲ ಒಂದೇ ಪಟ್ಟಿಗೆ ಜೋಡಿಸಿದಾಗ ನಿಜವಾದ ಕತೆ ಕಾಣಿಸುತ್ತದೆ. ನಿದ್ದೆ ಬರುವುದಿಲ್ಲವೆಂದು ಡಾಕ್ಟರ ಬಳಿ ಹೋದದ್ದು ಒಂದು ಕಡತದಲ್ಲಿ, ಬೀಗ ಬದಲಿಸಿಕೊಡಿ ಎಂದು ಕೇಳಿದ್ದು ಇನ್ನೊಂದರಲ್ಲಿ, ಪಕ್ಕದ ಮನೆಯವರು ಗಲಾಟೆ ಎಂದು ಫೋನ್ ಮಾಡಿದ್ದು ಮತ್ತೊಂದರಲ್ಲಿ. ಎಲ್ಲರಿಗೂ ಚೂರು ಚೂರು ಗೊತ್ತಿತ್ತು, ಪೂರ್ತಿ ಯಾರಿಗೂ ಗೊತ್ತಿರಲಿಲ್ಲ. ಯಾರು ತಪ್ಪಿತಸ್ಥರು ಎಂದು ತೀರ್ಮಾನಿಸುವುದು ಇದರ ಕೆಲಸವಲ್ಲ. ಅದಕ್ಕೆ ಕೋರ್ಟು, ಸಾವಿನ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರ್ ಇದ್ದಾರೆ. ವರದಿಯಲ್ಲಿ ಸತ್ತವರಿಗೆ ಬೇರೆ ಹೆಸರು. ಆ ಹೆಸರನ್ನು ಆರಿಸಲು ಮನೆಯವರನ್ನೇ ಕೇಳುವ ರೂಢಿಯಿದೆ. ಮಗಳಿಗೆ ಎರಡನೇ ಸಲ ಹೆಸರಿಡುವ ಆ ಗಳಿಗೆಯನ್ನು ನೆನೆದರೆ ಕರುಳು ಹಿಂಡುತ್ತದೆ.

ಇಂಥ ಪ್ರಕರಣಗಳ ಮೇಲಿನ ಅಧ್ಯಯನದಿಂದ ಹುಟ್ಟಿದ ತಿಳಿವಳಿಕೆಯೂ ಇದೆ. ಅಪರಾಧ ಶಾಸ್ತ್ರಜ್ಞೆ ಜೇನ್ ಮಾಂಕ್ಟನ್ ಸ್ಮಿತ್ 372 ಕೊಲೆಗಳನ್ನು ಪರಿಶೀಲಿಸಿ, ಅವು ಎಂಟು ಹಂತಗಳಲ್ಲಿ ಸಾಗುತ್ತವೆ ಎಂದು 2019ರಲ್ಲಿ ತೋರಿಸಿದರು. 'ಕ್ಷಣಿಕ ಆವೇಶದಲ್ಲಿ ಕೊಂದ' ಎಂಬ ಮಾತು ಎಷ್ಟು ಟೊಳ್ಳು ಎಂಬುದು ಆಗ ಬಯಲಾಯಿತು. ಕೈಯೆತ್ತದೆಯೂ ಹೆಂಡತಿಯ ಹಣ, ಫೋನ್, ಓಡಾಟವನ್ನೆಲ್ಲ ಹಿಡಿತದಲ್ಲಿ ಇಟ್ಟುಕೊಳ್ಳುವುದು 2015ರಿಂದ ಅಲ್ಲಿ ಅಪರಾಧವೇ.

ದೊಡ್ಡ ತಿರುವು ಬಂದದ್ದು 2016ರಲ್ಲಿ. ಹಿಂಸೆ ತಾಳದೆ ಆತ್ಮಹತ್ಯೆ ಮಾಡಿಕೊಂಡವರನ್ನೂ ಪರಾಮರ್ಶೆಯ ವ್ಯಾಪ್ತಿಗೆ ತರಬೇಕೆಂದು ಆ ವರ್ಷದ ಮಾರ್ಗಸೂಚಿ ಹೇಳಿತು. ಇದು ನಮಗೆ ಹೊಸದೆನಿಸುವುದಿಲ್ಲ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ ವಿಶೇಷ ತನಿಖೆ ನಡೆಯಬೇಕೆಂದು ನಮ್ಮ ಕಾನೂನು 1983ರಲ್ಲೇ ಹೇಳಿತ್ತು. ತಹಶೀಲ್ದಾರರು ಬಂದು ಶವ ಪಂಚನಾಮೆ ಮಾಡುವುದನ್ನು ನೋಡಿದವರು ನಮ್ಮೂರುಗಳಲ್ಲಿ ಬೇಕಾದಷ್ಟಿದ್ದಾರೆ. ಬೆಂಗಳೂರಿನ ವಿಮೋಚನಾ ಸಂಘಟನೆ 'ಸ್ಟವ್ ಸಿಡಿದು ಸಾವು' ಎಂದು ಮುಚ್ಚಿಹೋಗುತ್ತಿದ್ದ ಪ್ರಕರಣಗಳನ್ನು ತೊಂಬತ್ತರ ದಶಕದಲ್ಲಿ ಕೆದಕಿ ತೆಗೆದದ್ದೂ ಇದೇ ಹಾದಿಯ ಕೆಲಸ. ಆದರೆ ಪಂಚನಾಮೆ ನೋಡುವುದು ಸಾವಿನ ಕಾರಣವನ್ನು. ಠಾಣೆಯಲ್ಲಿ ರಾಜಿ ಮಾಡಿಸಿ ಆಕೆಯನ್ನು ವಾಪಸ್ ಕಳಿಸಿದ್ದು ಯಾರು ಎಂದು ಇಲಾಖೆಗಳನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ ಕೇಳುವ ಏರ್ಪಾಡು ಅದಲ್ಲ.

ಹಾಗೆಂದು ಬ್ರಿಟನ್ನಿನ ವ್ಯವಸ್ಥೆಗೆ ಹಲ್ಲಿದೆ ಎಂದೇನಲ್ಲ. ಶಿಫಾರಸು ಪಾಲಿಸದಿದ್ದರೆ ಶಿಕ್ಷೆಯಿಲ್ಲ. ಮಾಹಿತಿ ಹಂಚಿಕೊಳ್ಳಿ, ಡಾಕ್ಟರುಗಳೇ ಕೇಳಿ ವಿಚಾರಿಸಿ ಎಂಬ ಸಲಹೆ ವರದಿಯಿಂದ ವರದಿಗೆ ಮರುಕಳಿಸುತ್ತಲೇ ಇದೆ. ವರದಿಗಳೋ ಒಂದೊಂದು ಊರಿನ ಕೌನ್ಸಿಲ್ ವೆಬ್‌ಸೈಟಿನಲ್ಲಿ ಚದುರಿ ಬಿದ್ದಿದ್ದವು. ಅವನ್ನು ಒಂದೆಡೆ ಹುಡುಕಿ ಓದಲು ಗೃಹ ಇಲಾಖೆ ಆನ್‌ಲೈನ್ ಗ್ರಂಥಾಲಯ ತೆರೆದದ್ದು 2023ರಲ್ಲಿ. ಅಂದರೆ, ಪರಾಮರ್ಶೆ ಕಡ್ಡಾಯವಾಗಿ ಹನ್ನೆರಡು ವರ್ಷ ಆದಮೇಲೆ. ಮರುವರ್ಷದ ಕಾಯ್ದೆ ಹೆಸರನ್ನೇ ಬದಲಿಸಿ 'ಕೌಟುಂಬಿಕ ದೌರ್ಜನ್ಯ ಸಂಬಂಧಿ ಸಾವಿನ ಪರಾಮರ್ಶೆ' ಎಂದಿತು. ಕೊಲೆ ಎಂಬ ಪದ ಹೋಯಿತು, ನೇಣು ಹಾಕಿಕೊಂಡವಳಿಗೂ ಶೀರ್ಷಿಕೆಯಲ್ಲೇ ಜಾಗ ಸಿಕ್ಕಿತು.