ಬೆದರಿ ಓಡಿದ ಎಲ್ಕ್ ನಾವು ಕೂಗಿದರೆ ವಾಪಸ್ ಬರುತ್ತದೆಯೇ?

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿದ್ದೇನೆ. ಸೆಪ್ಟೆಂಬರ್‌ನ ಬಿಲ್ಲುಬಾಣದ ಸೀಸನ್‌ಗೆ ಲೈಸೆನ್ಸ್ ಇದೆ. ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಅರವತ್ತು ಗಜದವರೆಗೂ ಬಂದು ಏನಕ್ಕೋ ಬೆದರಿ ಓಡಿಬಿಡುತ್ತದೆ. ಆಮೇಲೆ ಎಲ್ಕ್ ದನಿಯಲ್ಲಿ ಎಷ್ಟು ಕೂಗಿದರೂ ಬರುವುದಿಲ್ಲ. ಮತ್ತೆ ಕರೆಯಲು ದಾರಿ ಇದೆಯೇ?

ಉತ್ತರ: ಇದೆ. ಆದರೆ ಅದು ಯಾವುದಕ್ಕೆ ಬೆದರಿತು ಎಂದು ಮೊದಲು ಗೊತ್ತಾಗಬೇಕು. ಮನುಷ್ಯರ ವಾಸನೆ ಹತ್ತಿ ಓಡಿದ್ದರೆ ಕೂಗುವ ಪೀಪಿಯನ್ನು ಜೇಬಿಗೆ ಹಾಕಿ, ಆ ದಿನಕ್ಕೆ ಆ ಎಲ್ಕ್ ಮುಗಿಯಿತು. ಸದ್ದಿಗೆ ಬೆದರಿದ್ದನ್ನು ನಿಲ್ಲಿಸುವುದು ಅಷ್ಟು ಕಷ್ಟವಲ್ಲ. ಏನೋ ಅಲ್ಲಾಡಿದ್ದು ಕಂಡು ಓಡಿದ್ದು ಇವೆರಡರ ನಡುವಿನದು. ಕಂಡದ್ದು ಮನುಷ್ಯನೇ ಎಂದು ಅದಕ್ಕೆ ಖಾತ್ರಿಯಾಗಿರದಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು.

ಓಡಿದ ರೀತಿಯಲ್ಲೇ ಇದು ತಿಳಿಯುತ್ತದೆ. ಹಿಂದೆ ತಿರುಗಿ ನೋಡದೆ, ಮರದ ಕೊಂಬೆ ಮುರಿದುಕೊಂಡು ಹೋದರೆ ವಾಸನೆ. ನಾಲ್ಕು ಜಿಗಿತ ಜಿಗಿದು, ನಿಂತು, ಎರಡೂ ಕಿವಿ ನಿಮ್ಮ ಕಡೆ ನೆಟ್ಟರೆ ಬರೀ ಅನುಮಾನ. ಗಾಳಿ ನೋಡುವ ಪುಡಿ ಬಾಟಲಿಯನ್ನು ಒಮ್ಮೆ ಒತ್ತಿದರೆ ಉಳಿದ ಸಂಶಯವೂ ತೀರುತ್ತದೆ. ಪುಡಿ ಎಲ್ಕ್ ಕಡೆಗೇ ತೇಲಿದರೆ ಹೊರಡಿ.

ಸದ್ದಾದರೆ ಮೊದಲ ಐದು ಸೆಕೆಂಡೇ ಮುಖ್ಯ. ಎಲ್ಕ್ ಕಾಡಿನಲ್ಲಿ ಮೆಲ್ಲಗೆ ನಡೆಯುವ ಪ್ರಾಣಿಯೇನಲ್ಲ. ಮುನ್ನೂರು ಕೆಜಿ ತೂಗುವ ಗಂಡು ಒಣ ರೆಂಬೆ ತುಳಿದರೆ ನಿಮಗಿಂತ ಜಾಸ್ತಿ ಸದ್ದಾಗುತ್ತದೆ. ಆದ್ದರಿಂದ ರೆಂಬೆ ಮುರಿದ ಸದ್ದಿಗಿಂತ ಅದರ ನಂತರದ ಮೌನವೇ ಅದನ್ನು ಹೆಚ್ಚು ಹೆದರಿಸುತ್ತದೆ. ತಡಮಾಡದೆ ಹೆಣ್ಣು ಎಲ್ಕ್‌ನ ಕೂಗನ್ನು ಎರಡು ಸಲ ಕೊಡಿ: ಮೇಲಿನ ಸ್ವರದಲ್ಲಿ ಶುರುವಾಗಿ ಕೆಳಗೆ ಜಾರುವ, ಒಂದು ಸೆಕೆಂಡಿನ ‘ಈ–ಯಾ’. ಅದು ನಿಂತಿತೆಂದರೆ ನೀವೂ ಸುಮ್ಮನಾಗಿ. ನಿಂತ ಪ್ರಾಣಿಗೆ ಮತ್ತೆ ಮತ್ತೆ ಕೂಗುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಅದರ ಕಣ್ಣು ನೀವಿರುವ ಜಾಗದ ಮೇಲೆ ನೆಟ್ಟಿದೆ. ಇನ್ನೊಂದು ಕೂಗು ಬಂದರೆ ‘ಅಲ್ಲಿ ಎಲ್ಕ್ ಕಾಣಬೇಕಿತ್ತಲ್ಲ’ ಎಂದು ಇನ್ನೂ ಬಿಗಿಯಾಗುತ್ತದೆ.

ಕೆಲವೊಮ್ಮೆ ನಿಂತಲ್ಲೇ ಒಂದು ಚೂಪಾದ ಬೊಗಳುವ ಸದ್ದು ಮಾಡುತ್ತದೆ. ನಾಗರಹೊಳೆಯ ಸಫಾರಿಯಲ್ಲಿ ಹುಲಿಯ ಸುಳಿವು ಸಿಕ್ಕ ಕಡವೆಯ ಎಚ್ಚರಿಕೆ ಕೂಗು ಕೇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ಯಾರೋ ಇದ್ದೀರಿ, ಮುಖ ತೋರಿಸಿ’ ಅನ್ನುವ ಹಾಗೆ. ನಿಂತೇ ಬೊಗಳುತ್ತಿದ್ದರೆ ಇನ್ನೂ ತೀರ್ಮಾನ ಮಾಡಿಲ್ಲ ಎಂದರ್ಥ. ತಲೆ ಪಕ್ಕಕ್ಕೆ ತಿರುಗಿಸಿ, ದನಿ ತಗ್ಗಿಸಿ ಒಂದೇ ಒಂದು ಹೆಣ್ಣಿನ ಕೂಗು ಕೊಡಿ, ಒಂದು ರೆಂಬೆ ಮುರಿಯಿರಿ, ಸಾಕು. ದೂರ ಸರಿಯುತ್ತಾ ಬೊಗಳಿದರೆ ಬಿಟ್ಟುಬಿಡಿ.

ಹಿಂಡು ಚೆದುರಿದ್ದರೆ ಕಥೆಯೇ ಬೇರೆ, ಅವಕಾಶವೂ ಜಾಸ್ತಿ. ತಾಯಿ ಒಂದು ಕಡೆ, ಮರಿ ಒಂದು ಕಡೆ ಆದಾಗ ಅವು ಒಂದನ್ನೊಂದು ಕೂಗಿಕೊಂಡೇ ಸೇರುತ್ತವೆ. ಚೆದುರಿದ ತಕ್ಷಣ ಕೂಗಿ ಪ್ರಯೋಜನವಿಲ್ಲ. ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಅಲ್ಲಾಡದೆ ಕೂರಿ. ಆಮೇಲೆ ಮರಿಯ ದನಿ: ಹೆಣ್ಣಿನದಕ್ಕಿಂತ ಮೇಲಿನ ಸ್ವರ, ಅರ್ಧ ಸೆಕೆಂಡು, ಕೊಂಚ ಅಳುವಿನ ಎಳೆ. ಎರಡು ಮೂರು ಕೂಗಿ, ಐದು ನಿಮಿಷ ಬಿಡಿ. ಹೀಗೆ ಸುಮಾರು ಅರ್ಧ ಗಂಟೆ. ಮೊದಲು ಬರುವುದು ಸಾಮಾನ್ಯವಾಗಿ ಹೆಣ್ಣು. ಬೆದೆಯ ಕಾಲವಾದರೆ ಅದರ ಹಿಂದೆ ಗಂಡು. ಒಂಟಿ ಗಂಡೂ ಬಂದೀತು. ಆದರೆ ಹೆಣ್ಣುಗಳ ಗುಂಪು ಕಟ್ಟಿಕೊಂಡ ದೊಡ್ಡ ಗಂಡು ಬೆದರಿದಾಗ ಗುಟುರು ಹಾಕಿ ಕೆಣಕಬೇಡಿ. ಜಗಳಕ್ಕೆ ಬರುವ ಬದಲು ತನ್ನ ಹೆಣ್ಣುಗಳನ್ನು ಅಟ್ಟಿಕೊಂಡು ಹೋಗುವುದೇ ಹೆಚ್ಚು.

ಪಳಗಿಸಿದ ಜಿಂಕೆಯನ್ನು ಮುಂದಿಟ್ಟುಕೊಂಡು ಕಾಡಿನ ಜಿಂಕೆಯನ್ನು ಸೆಳೆಯುವುದಕ್ಕೆ ಹಳಗನ್ನಡದಲ್ಲಿ ದೀವದ ಮಿಗ ಎನ್ನುವ ಮಾತಿದೆ. ಇಲ್ಲಿ ದೀವ ನಿಮ್ಮ ಬಾಯಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ. ಎಡವುವುದೂ ಇಲ್ಲೇ. ಕೂಗು ಬಂದ ಜಾಗ ಕಣ್ಣಿಗೆ ಬಿದ್ದ ಕೂಡಲೇ ಎಲ್ಕ್ ನಿಂತುಬಿಡುತ್ತದೆ. ಬಯಲಿನಲ್ಲಾದರೆ ಅದು ಎಂಬತ್ತು ಗಜ ದೂರದಲ್ಲೇ, ಬಾಣ ಬಿಡಲಾಗದು. ಆದ್ದರಿಂದ ದಿಬ್ಬದ ಮರೆಯಲ್ಲೋ ದಟ್ಟ ಮರಗಳ ಹಿಂದೆಯೋ ಕೂತು ಕೂಗಬೇಕು, ಅದು ನೋಡಬೇಕೆಂದರೆ ಮೂವತ್ತು ಗಜದೊಳಗೆ ಬರಲೇಬೇಕು. ಇನ್ನೊಂದು ಅಭ್ಯಾಸವೂ ಅದಕ್ಕಿದೆ: ನೇರ ಬರದೆ, ಕೂಗಿದವರ ಗಾಳಿ ಸಿಗುವ ಕಡೆಯಿಂದ ಬಳಸಿ ಬರುತ್ತದೆ. ಇಬ್ಬರಿದ್ದರೆ ಬಿಲ್ಲಿನವರು ಕೂಗುವವರಿಗಿಂತ ಐವತ್ತು ಗಜ ಮುಂದೆ, ಗಾಳಿ ಹೋಗುವ ಪಕ್ಕಕ್ಕೆ ಕೊಂಚ ಸರಿದು ಕೂರಬೇಕು. ಒಬ್ಬರೇ ಆದರೆ ಕೂಗಿ, ಮೂವತ್ತು ನಲವತ್ತು ಗಜ ಅದೇ ದಿಕ್ಕಿಗೆ ಸರಿದು ಸುಮ್ಮನಿರಿ. ಬೆಟ್ಟದಲ್ಲಿ ತಂಪು ಗಾಳಿ ಬೆಳಗ್ಗೆ ಕೆಳಗಿಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ತಿರುಗುವ ಆ ಹೊತ್ತಿನಲ್ಲಿ ಕೂಗದಿರುವುದೇ ಲೇಸು.

ಪೀಪಿಯಲ್ಲಿ ಡಯಾಫ್ರಮ್ ಒಳ್ಳೆಯದು, ಎರಡೂ ಕೈ ಬಿಲ್ಲಿಗೆ ಬಿಡುವು. ಕುದುರೆ ಲಾಳದಂಥ ಚೌಕಟ್ಟು, ನಡುವೆ ಒಂದೋ ಎರಡೋ ಲೇಟೆಕ್ಸ್ ಪೊರೆ. ಅಂಗುಳಿಗೆ ಒತ್ತಿ, ನಾಲಗೆಯನ್ನು ಪೊರೆಗೆ ತಾಗಿಸಿ ಉಸಿರು ಬಿಡಬೇಕು. ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪಕ್ಕದಿಂದ ಗಾಳಿ ಸೋರಿದರೆ ಅಳತೆ ಸರಿಯಿಲ್ಲ ಎಂದರ್ಥ. ದೊಡ್ಡದಾಗಿದ್ದರೆ ಚೌಕಟ್ಟಿನ ಸುತ್ತಲಿನ ಟೇಪಿನ ಅಂಚನ್ನು ಕತ್ತರಿಯಿಂದ ಕೊಂಚ ಕೊಂಚವೇ ಕತ್ತರಿಸಿ. ಮೊದಮೊದಲು ಓಕರಿಕೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಬಾಯಲ್ಲಿಟ್ಟುಕೊಂಡು ಓಡಾಡಿದರೆ ಹೋಗುತ್ತದೆ. ಬಳಸಿದ ಮೇಲೆ ಪೊರೆಗಳ ನಡುವೆ ಚಪ್ಪಟೆ ಟೂತ್‌ಪಿಕ್ ಸಿಕ್ಕಿಸಿ ಒಣಗಿಸದಿದ್ದರೆ ಅಂಟಿಕೊಂಡು ಹಾಳಾಗುತ್ತವೆ.

ಫೋನಿನಲ್ಲಿ ರೆಕಾರ್ಡಿಂಗ್ ಹಾಕುವ ಯೋಚನೆ ಬೇಡ. ಇಡಾಹೊ, ಮೊಂಟಾನಾಗಳಲ್ಲಿ ಎಲ್ಕ್‌ಗೆ ಅದು ಕಾನೂನುಬಾಹಿರ. ಬೇರೆಡೆ ನಿಮ್ಮ ರಾಜ್ಯದ ನಿಯಮ ಪುಸ್ತಕ ನೋಡಿಕೊಳ್ಳಿ. ಊರಿಗೆ ಬಂದಾಗ ಕಡವೆಯ ಮೇಲೆ ಇದನ್ನು ಪರೀಕ್ಷಿಸುವುದಂತೂ ಇಲ್ಲವೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮರಿಯ ಕೂಗಿಗೆ ಕರಡಿಯೋ ಮೌಂಟನ್ ಲಯನ್ನೋ (ಪ್ಯೂಮಾ) ಬರುವುದುಂಟು, ಎಲ್ಕ್ ಎಂದುಕೊಂಡು ಇನ್ನೊಬ್ಬ ಬೇಟೆಗಾರ ಬರುವುದೂ ಉಂಟು. ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರಿ, ಕರಡಿ ಓಡಿಸುವ ಖಾರದ ಸ್ಪ್ರೇ ಸೊಂಟದಲ್ಲಿರಲಿ.

ಬಾಣ ಬಿಟ್ಟ ಮೇಲೂ ಕೂಗಬೇಕು ಅನ್ನುವುದು ಅನೇಕರಿಗೆ ಹೊಳೆಯುವುದಿಲ್ಲ. ಬಾಣ ತಾಗಿದ ಎಲ್ಕ್‌ಗೆ ಏನಾಯಿತೆಂದು ತಿಳಿದಿರುವುದಿಲ್ಲ, ಸದ್ದಿಗೆ ಬೆದರಿದಂತೆ ಓಡುತ್ತದೆ. ಆ ಕ್ಷಣವೇ ಹೆಣ್ಣಿನ ಕೂಗು ಕೇಳಿದರೆ ಎಷ್ಟೋ ಸಲ ನೂರು ಗಜದೊಳಗೆ ನಿಲ್ಲುತ್ತದೆ. ಕೂಗುತ್ತಲೇ ಎರಡನೇ ಬಾಣ ಹೂಡಿ. ಕೊನೆಗೆ ಕಂಡ ಮರವನ್ನು ಗುರುತಿಟ್ಟುಕೊಳ್ಳಿ. ಶ್ವಾಸಕೋಶಕ್ಕೆ ತಾಗಿದೆ ಎನಿಸಿದರೂ ಅರ್ಧ ಗಂಟೆ ಕೂತಲ್ಲಿಂದ ಏಳಬೇಡಿ. ಹೊಟ್ಟೆಗೆ ತಾಗಿದ್ದರೆ ಎಂಟು ಗಂಟೆಯಾದರೂ ಬಿಟ್ಟು ಜಾಡು ಹಿಡಿಯಿರಿ.