ಪದ ಪರಿಚಯ: ಮೆದು ಬೆಳಕು

ದಸರೆ ಬಂತು ಅಂದರೆ ಮೈಸೂರಿನಲ್ಲಿ ಮನೆಮನೆಗೆ ಗೊಂಬೆ ನೋಡಲು ಹೋಗುತ್ತೇವೆ ಅಲ್ವಾ? ಕೆಲವು ಮನೆಗಳಲ್ಲಿ ಪಟ್ಟದ ಗೊಂಬೆಗಳ ಕಣ್ಣು, ಮೂಗು, ಸೀರೆಯ ಅಂಚು ಎಲ್ಲವೂ ಹಿತವಾಗಿ ಕಾಣುತ್ತವೆ. ಇನ್ನು ಕೆಲವು ಕಡೆ ಜೋರಾದ ಫೋಕಸ್ ಲೈಟ್ ಹಾಕಿರುತ್ತಾರೆ. ಆದರೂ ರಾಜನ ಮೂಗಿನ ನೆರಳು ಕಪ್ಪಗೆ ತುಟಿಯ ಮೇಲೆ ಬಿದ್ದಿರುತ್ತದೆ. ರಾಣಿಯ ಕೆನ್ನೆಯ ಮೇಲೊಂದು ಬಿಳಿ ಚುಕ್ಕೆ ಕಣ್ಣು ಕುಕ್ಕುತ್ತದೆ. ಅಲ್ಲಿ ಬೆಳಕಿಗೇನೂ ಬರ ಇಲ್ಲ. ಇಲ್ಲದಿರುವುದು ಮೆದು ಬೆಳಕು.

ಸ್ಟುಡಿಯೋದವರು ಸಾಫ್ಟ್ ಲೈಟ್ ಅನ್ನುವುದು ಇದನ್ನೇ. ನೆರಳಿನ ಅಂಚು ನೋಡಿದರೆ ಗುರುತು ಸಿಗುತ್ತದೆ. ಅಂಚು ಗೆರೆ ಎಳೆದ ಹಾಗಿದ್ದರೆ ಗಡಸು ಬೆಳಕು, ಮೆಲ್ಲಗೆ ಕರಗಿಹೋಗಿದ್ದರೆ ಮೆದು ಬೆಳಕು. ತುಂಬಾ ಜನ ಇದನ್ನು ಮಂದ ಬೆಳಕು ಅಂದುಕೊಳ್ಳುತ್ತಾರೆ. ಮೋಡ ಕವಿದ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಆಗಲೂ ಹೊರಗೆ ನಮ್ಮ ಹಾಲ್‌ಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ, ನೆರಳು ಮಾತ್ರ ಕಾಣುವುದೇ ಇಲ್ಲ.

ಕಾರಣ ಬೆಳಕಿನ ಮೂಲದ ಅಗಲ. ಸೂರ್ಯ ದೊಡ್ಡವನೇ, ಆದರೆ ದೂರ ಇರುವುದರಿಂದ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಕಾಣುತ್ತಾನೆ. ಮೋಡ ಅಡ್ಡ ಬಂದಾಗ ಇಡೀ ಆಕಾಶವೇ ದೀಪವಾಗುತ್ತದೆ. ಒಂದು ಕಡೆಯಿಂದ ಬಂದ ಬೆಳಕು ಮುಟ್ಟದ ಜಾಗವನ್ನು ಇನ್ನೊಂದು ಕಡೆಯ ಬೆಳಕು ಮುಟ್ಟುತ್ತದೆ. ನಮ್ಮ ಹಳೇ ತೊಟ್ಟಿ ಮನೆಗಳ ಒಳಗಿನ ಬೆಳಕೂ ಹೀಗೇ. ತೊಟ್ಟಿಗೆ ಇಳಿದ ಆಕಾಶದ ಬೆಳಕು ಸುಣ್ಣದ ಗೋಡೆಗೆ ಬಡಿದು ಜಗಲಿಗೆಲ್ಲ ಹರಡುತ್ತದೆ.

ರಾತ್ರಿ ಒಂದೇ ಟ್ಯೂಬ್‌ಲೈಟ್ ಹಾಕಿ, ಅದರ ಕೆಳಗೆ ಮೇಜಿನಿಂದ ನಾಲ್ಕು ಬೆರಳು ಮೇಲೆ ಪೆನ್ಸಿಲ್ ಹಿಡಿಯಿರಿ. ಟ್ಯೂಬಿನ ಉದ್ದಕ್ಕೇ ಹಿಡಿದರೆ ನೆರಳು ಚೂಪಾಗಿ ಬೀಳುತ್ತದೆ. ಅಡ್ಡಕ್ಕೆ ತಿರುಗಿಸಿ, ನೆರಳು ಹೆಚ್ಚುಕಡಿಮೆ ಮಾಯ! ಮೊದಲ ಸಲ ಎದುರಿಗಿದ್ದದ್ದು ಟ್ಯೂಬಿನ ಒಂದಂಗುಲ ದಪ್ಪ, ಈಗ ಅದರ ನಾಲ್ಕಡಿ ಉದ್ದ. ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು ಹೀಗೆ ಮಾಡಿ ನೋಡಿದಾಗ.

ಹಾಗಾಗಿ ಗೊಂಬೆಗಳ ಲೈಟನ್ನು ನೇರ ಅವುಗಳ ಮುಖಕ್ಕೆ ಬಿಡಬೇಡಿ. ಎದುರಿನ ಬಿಳಿ ಗೋಡೆಗೋ ಮೇಲಿನ ತಾರಸಿಗೋ ತಿರುಗಿಸಿ. ಹಸಿರು ಗೋಡೆಯಾದರೆ ಗೊಂಬೆಗಳಿಗೂ ಹಸಿರು ಹತ್ತುತ್ತದೆ, ಆಗ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ. ಬಲ್ಬಿಗೆ ಸುಮ್ನೆ ಬಟ್ಟೆ ಸುತ್ತಿದರೆ ಬೆಳಕು ಕಡಿಮೆಯಾಗುತ್ತದೆ ಅಷ್ಟೇ, ಜೊತೆಗೆ ಸುಡುವ ಭಯ ಬೇರೆ. ಬಲ್ಬು ಪಂಚೆಯಿಂದ ದೂರ ಇರಬೇಕು, ಬೆಳಕು ಪಂಚೆಯ ಅಗಲಕ್ಕೂ ಹರಡಬೇಕು. ಆಗ ಪಂಚೆಯೇ ದೀಪ.

ಸಮ ಬೆಳಕು ಅನ್ನುವುದು ಬೇರೆ ಮಾತು. ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಒಂದೇ ಅಳತೆಯ ಬೆಳಕು ಬಿದ್ದರೆ ಅದು ಸಮ. ಚಿಕ್ಕ ಬಲ್ಬಿನಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಬಲ್ಬನ್ನು ಕೆಳಗೆ ಹತ್ತಿರ ಇಟ್ಟರೆ ಮೇಲಿನ ಗೊಂಬೆಗಳು ಕತ್ತಲಲ್ಲಿ ಉಳಿಯುತ್ತವೆ. ದೂರ ಇಟ್ಟರೆ ಬೆಳಕು ಸಮವಾಗುತ್ತದೆ, ಆದರೆ ಗಡಸಾಗುತ್ತದೆ. ಗೋಡೆಯಿಂದ ಬೆಳಕು ಪುಟಿಸಿದರೆ ಈ ಎರಡೂ ತೊಂದರೆ ಕಡಿಮೆ.

ಒಂದು ಎಚ್ಚರಿಕೆ. ನೆರಳನ್ನು ಪೂರ್ತಿ ಅಳಿಸಿಬಿಟ್ಟರೆ ಗೊಂಬೆಗಳು ಕ್ಯಾಲೆಂಡರ್ ಚಿತ್ರದ ಹಾಗೆ ಚಪ್ಪಟೆಯಾಗಿ ಕಾಣುತ್ತವೆ. ನಮ್ಮ ಮನೆಯಲ್ಲಿ ಎಡಗಡೆಯ ಪಂಚೆಯನ್ನು ಬಲಗಡೆಯದಕ್ಕಿಂತ ಒಂದು ಮೊಳ ಹಿಂದೆ ಕಟ್ಟುತ್ತೇನೆ. ಆ ಕಡೆಯ ಕೆನ್ನೆಗೆ ತುಸು ನೆರಳು ಉಳಿಯುತ್ತದೆ.