ಎಂಬತ್ತು ಅಡಿ ಮರಕ್ಕೆ ಲೈಟಿಂಗ್: ಹತ್ತಿಸುವ ಮೊದಲು ಇಳಿಸುವ ಮಾತು

ನವೆಂಬರ್ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ‘ನಮ್ಮ ಕಾಂಪೌಂಡಲ್ಲಿ ದೊಡ್ಡ ಕ್ರಿಸ್‌ಮಸ್ ಮರ ಇದೆ. ತುದಿವರೆಗೂ ಲೈಟಿಂಗ್ ಮಾಡಿಕೊಡ್ತೀರಾ?’ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ‘ಜನವರಿಯಲ್ಲಿ ಅದನ್ನು ತೆಗೆಯೋದು ಹೇಗೆ?’

ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಮರ ಅಂದರೆ ಅರಾಕೇರಿಯಾ. ಲಾಲ್‌ಬಾಗ್‌ನಲ್ಲಿ, ಹಳೇ ಬಂಗಲೆಗಳ ಅಂಗಳದಲ್ಲಿ, ಚರ್ಚುಗಳ ಪಕ್ಕದಲ್ಲಿ ನೀವೂ ನೋಡಿರುತ್ತೀರಿ. ಕಾಂಡದ ಸುತ್ತ ಚಕ್ರದ ಅರಗಳ ಹಾಗೆ ಒಂದು ಸುತ್ತು ಕೊಂಬೆ, ಸ್ವಲ್ಪ ಜಾಗ, ಮತ್ತೆ ಒಂದು ಸುತ್ತು. ನೋಡಲು ಗೋಪುರ. ಆದರೆ ಈ ಗೋಪುರ ನೆಟ್ಟಗೆ ನಿಲ್ಲುವುದಿಲ್ಲ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾದಿಂದ ಬಂದ ಕುಕ್ ಪೈನ್ ಎಂಬ ಜಾತಿಯಂತೂ ಎಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೇ ವಾಲುತ್ತದೆ. ಐದು ಖಂಡಗಳ ಮರಗಳನ್ನು ಅಳೆದು ವಿಜ್ಞಾನಿಗಳು ಇದನ್ನು 2017ರಲ್ಲಿ ಹೇಳಿದರು. ಸರಾಸರಿ ವಾಲು ಎಂಟೂವರೆ ಡಿಗ್ರಿ. ನಮ್ಮಲ್ಲಿ ಅದು ದಕ್ಷಿಣಕ್ಕೆ. ಎಂಬತ್ತು ಅಡಿ ಮರ ಅಷ್ಟು ವಾಲಿದರೆ ತುದಿ ಬುಡದಿಂದ ಹನ್ನೆರಡು ಅಡಿ ಆಚೆ ಹೋಗಿರುತ್ತದೆ. ತುದಿಯಿಂದ ಇಳಿಬಿಟ್ಟ ದೀಪದ ಸರ ಉತ್ತರದ ಕಡೆ ಕೊಂಬೆಗಳ ಮೇಲೆ ಒರಗಿ ಕೂರುತ್ತದೆ. ದಕ್ಷಿಣದ ಕಡೆ ಗಾಳಿಯಲ್ಲಿ ಉಯ್ಯಾಲೆ ಆಡುತ್ತದೆ. ಆ ಕಡೆಯ ಸರಗಳನ್ನು ಕೆಳಗೆ ಗೂಟ ಹೊಡೆದು ಕಟ್ಟಲೇಬೇಕು.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಸುತ್ತುತ್ತಿದ್ದೆ. ಒಂದು ಚರ್ಚಿನ ಮರಕ್ಕೆ ಎರಡು ದಿನ ಹತ್ತಿ ಇಳಿದು, ಬುಡದಿಂದ ತುದಿವರೆಗೆ ಬಳ್ಳಿ ಹಬ್ಬಿಸಿದ ಹಾಗೆ ಸುತ್ತಿದೆವು. ನೋಡಿದವರೆಲ್ಲ ಶಭಾಷ್ ಅಂದರು. ಜನವರಿಯಲ್ಲಿ ತೆಗೆಯಲು ಹೋದರೆ ಪ್ರತಿ ಕೊಂಬೆಯಲ್ಲೂ ಸಿಕ್ಕು. ಕೂಲಿ ಲೆಕ್ಕ ಹಾಕಿ, ‘ಇರಲಿ ಬಿಡಿ, ಮುಂದಿನ ವರ್ಷಕ್ಕೂ ಆಗತ್ತೆ’ ಅಂತ ಬಿಟ್ಟೆವು. ಮುಂದಿನ ವರ್ಷ ಅರ್ಧ ಸೆಟ್ ಉರಿಯಲಿಲ್ಲ. ಮೂರನೇ ವರ್ಷ ನೋಡಿದರೆ ಬೆಳೆದ ಕೊಂಬೆ ವೈರನ್ನು ನುಂಗಿತ್ತು. ತೊಗಟೆ ಸುತ್ತ ಬಿಗಿದಿದ್ದ ಕಡೆ ಕೊಂಬೆ ತುದಿ ಒಣಗಿತ್ತು. ತಪ್ಪು ನನ್ನದೇ.

ಸುತ್ತಿದರೆ ಚೆಂದ ಜಾಸ್ತಿ, ವೈರ್ ಕಡಿಮೆ ಅನ್ನುವುದೂ ಭ್ರಮೆ. ಬುಡದ ಹತ್ತಿರ ಹನ್ನೆರಡು ಅಡಿ ಅಗಲ ಹರಡಿದ ಎಂಬತ್ತು ಅಡಿ ಮರ ಅಂದುಕೊಳ್ಳಿ. ಎರಡಡಿಗೊಂದು ಸುತ್ತು ಹಾಕಿದರೆ ಸುಮಾರು 750 ಅಡಿ ಸರ ಬೇಕು. ತುದಿಯಿಂದ ನೆಲಕ್ಕೆ ಎಂಟು ಸರ ನೇರವಾಗಿ ಇಳಿಬಿಟ್ಟರೆ 700 ಅಡಿ ಒಳಗೇ ಮುಗಿಯುತ್ತದೆ. ಅರ್ಧ ದಿನದಲ್ಲಿ ಇಳಿಸಲೂಬಹುದು.

ಇಳಿಬಿಡುವುದಕ್ಕೆ ಬೇಕಾದದ್ದು ರಾಟೆ. ಧ್ವಜ ಏರಿಸುವ ಹಗ್ಗ ನೋಡಿದ್ದೀರಲ್ಲ, ಅದೇ ಲೆಕ್ಕ. ಹಗ್ಗ ಮೇಲೆ ಹೋಗಿ ರಾಟೆ ಬಳಸಿ ವಾಪಸ್ ನೆಲಕ್ಕೆ ಬರಬೇಕು. ಅಂದರೆ ಮರದ ಎತ್ತರದ ಎರಡರಷ್ಟಕ್ಕಿಂತ ಸ್ವಲ್ಪ ಉದ್ದ. ಒಂದು ರಾಟೆಗೆ ಎರಡು ಸರ, ನಾಲ್ಕು ದಿಕ್ಕಿಗೆ ನಾಲ್ಕು ರಾಟೆ. ಒಂದೇ ಸಲ ಒಬ್ಬರು ಮೇಲೆ ಹತ್ತಿ ಇದನ್ನು ಕಟ್ಟಿದರೆ ಸಾಕು. ಆಮೇಲೆ ಎಲ್ಲ ಕೆಲಸ ನೆಲದ ಮೇಲೆ ನಿಂತೇ.

ಆ ಒಬ್ಬರು ಯಾರು ಅನ್ನುವುದೇ ಪ್ರಶ್ನೆ. ಬೀದಿದೀಪ ರಿಪೇರಿ ಮಾಡುವ ಬಕೆಟ್ ಲಾರಿ ಮೂವತ್ತು ನಲವತ್ತು ಅಡಿಗೆ ಕೈಚೆಲ್ಲುತ್ತದೆ. ದೊಡ್ಡ ಕ್ರೇನಿಗೆ ಗೇಟು ಸಾಲುವುದಿಲ್ಲ. ನನ್ನ ಜೊತೆ ಬರುವವರು ಸಾಗರದ ಕಡೆಯ ಒಬ್ಬ ಕೊನೆಗಾರರು, ಅಂದರೆ ಅಡಿಕೆ ಗೊನೆ ಇಳಿಸುವವರು. ಅಡಿಕೆ ಮರದಿಂದ ಮರಕ್ಕೆ ಜೀಕುವ ಮನುಷ್ಯ. ಮೊದಲ ಸಲ ಅರಾಕೇರಿಯಾ ಹತ್ತಿ ಇಳಿದವರು ಹೇಳಿದ್ದು: ‘ಹತ್ತೋಕೆ ಏಣಿ ಥರಾನೇ ಇದೆ ಅಣ್ಣ. ಆದ್ರೆ ಮೆಟ್ಟಿಲನ್ನ ನಂಬಂಗಿಲ್ಲ.’ ನಿಜ, ಈ ಕೊಂಬೆಗಳು ಪಟ್ಟನೆ ಮುರಿಯುತ್ತವೆ. ಎಷ್ಟೇ ಅನುಭವ ಇರಲಿ, ಸೊಂಟಕ್ಕೆ ಬೆಲ್ಟು, ಕಾಂಡಕ್ಕೆ ಎರಡು ಹಗ್ಗ. ಒಂದನ್ನು ಮೇಲಕ್ಕೆ ಸರಿಸುವಾಗ ಇನ್ನೊಂದು ಕಟ್ಟಿಯೇ ಇರಬೇಕು. ಇದಕ್ಕೆ ಒಪ್ಪದವರನ್ನು ನಾನು ಹತ್ತಿಸುವುದಿಲ್ಲ.

ತುತ್ತತುದಿಗೆ ಹೋಗಬೇಡಿ. ಅಲ್ಲಿ ಕಾಂಡ ತೆಳು. ತುದಿ ಮುರಿದರೆ ಆ ಗೋಪುರದ ಆಕಾರ ಮತ್ತೆ ಬರುವುದು ಕಷ್ಟ. ಏಳೆಂಟು ಅಡಿ ಕೆಳಗೆ, ಅಗಲ ಪಟ್ಟಿಯಲ್ಲಿ ರಾಟೆ ಕಟ್ಟಿ. ಮೊಳೆ ಬೇಡ, ಬೈಂಡಿಂಗ್ ವೈರಂತೂ ಬೇಡವೇ ಬೇಡ. ಮೇಲಿನ ಆ ಏಳೆಂಟು ಅಡಿ ಕತ್ತಲಿರುವುದು ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಸೀರಿಯಲ್ ಸೆಟ್ಟನ್ನೇ ಹಿಡಿದು ಮೇಲೆ ಎಳೆಯಬಾರದು. ಎಂಬತ್ತು ಅಡಿ ಸರದ ಭಾರ ಆ ಸಣ್ಣ ವೈರ್ ತಡೆಯುವುದಿಲ್ಲ. ಮೊದಲು ನೈಲಾನ್ ಹಗ್ಗ ನೆಲದ ಮೇಲೆ ಚಾಚಿ, ಅಡಿಗೊಂದು ಟ್ಯಾಗ್ ಹಾಕಿ ಸೆಟ್ಟನ್ನು ಅದಕ್ಕೆ ಕಟ್ಟಿ. ವೈರ್ ಸ್ವಲ್ಪ ಸಡಿಲ ಇರಲಿ, ಎಳೆತವೆಲ್ಲ ಹಗ್ಗಕ್ಕೆ ಬೀಳಲಿ.

ಈಗ ಕರೆಂಟು. 12 ವೋಲ್ಟಿನ ಸರ ಸೇಫ್ ಅಂತ ಎಲ್ಲರೂ ಕೇಳುತ್ತಾರೆ. ಸೇಫ್ ಹೌದು. ಆದರೆ ಅಡಾಪ್ಟರನ್ನು ಬುಡದಲ್ಲಿಟ್ಟರೆ ಮೇಲೆ ಮಿಣಮಿಣ. ಲೆಕ್ಕ ಸುಲಭ. 60 ವ್ಯಾಟ್ ಸರ 12 ವೋಲ್ಟಿನಲ್ಲಿ 5 ಆಂಪ್ಸ್ ಎಳೆಯುತ್ತದೆ. 25 ಮೀಟರ್ ಮೇಲಕ್ಕೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 3 ವೋಲ್ಟ್ ಕಳೆದುಹೋಗುತ್ತದೆ. ಅದೇ 60 ವ್ಯಾಟ್ 230 ವೋಲ್ಟಿನಲ್ಲಾದರೆ ಕಾಲು ಆಂಪ್ಸ್ ಅಷ್ಟೇ. ದಾರಿಯಲ್ಲಿ ಹೋಗುವುದು ಕಣ್ಣಿಗೂ ಕಾಣದು. ಹಾಗಂತ ಪೇಟೆಯಲ್ಲಿ ನೂರು ರೂಪಾಯಿಗೆ ಸಿಗುವ ಸೆಟ್ಟು ತಂದು ಮರಕ್ಕೆ ಹಾಕಿದರೆ ಕೆಟ್ಟಿತು. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆ ಕರೆಂಟು ನೇರವಾಗಿ ಆ ತೆಳು ವೈರಿನಲ್ಲೇ ಹರಿಯುತ್ತದೆ. ಹೊರಗಿನ ಬಳಕೆಗೆ ಮಾಡಿದ, ಐಪಿ65 (ಧೂಳು, ನೀರು ಒಳಗೆ ಹೋಗದು ಎಂಬ ಗುರುತು) ಅಂತ ಬರೆದಿರುವ, ದಪ್ಪ ರಬ್ಬರ್ ವೈರಿನ ಸರ ತನ್ನಿ. ಹಿಂದೆ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, ಇಲ್ಲದೆ ದೀಪ ಹಾಕಬೇಡಿ. ಎಂಸಿಬಿ ಇದೆ ಸಾರ್, ಸಾಕಲ್ವಾ ಅನ್ನುತ್ತಾರೆ. ಸಾಲದು. ಎಂಸಿಬಿ ನೋಡಿಕೊಳ್ಳುವುದು ವೈರನ್ನು. ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ.

ಡಿಸೆಂಬರಿನಲ್ಲಿ ಮಳೆ ಎಲ್ಲಿ ಬರತ್ತೆ ಅಂದವರಿಗೆ 2024 ನೆನಪಿಸುತ್ತೇನೆ. ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿದ ಮೇಲೆ ಬೆಂಗಳೂರೂ ತೊಯ್ದು ತೊಪ್ಪೆಯಾಯಿತು. ಜಾಯಿಂಟುಗಳಿಗೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟುವ ಅಭ್ಯಾಸ ಬಿಡಿ. ಇಬ್ಬನಿಯ ನೀರು ಒಳಗೇ ನಿಲ್ಲುತ್ತದೆ. ಮೇಲೆ ಮುಚ್ಚಿ, ಕೆಳಗೆ ತೆರೆದಿಡಿ. ವೈರನ್ನು ಜಾಯಿಂಟಿಗಿಂತ ಕೆಳಗೆ ಜೋತು ಬಿಟ್ಟು ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಎರಡು ಸಂದರ್ಭದಲ್ಲಿ ನಾನು ಕೆಲಸವನ್ನೇ ಒಪ್ಪುವುದಿಲ್ಲ. ಪಕ್ಕದಲ್ಲೇ 11 ಕೆವಿ ಲೈನ್ ಹಾದುಹೋಗಿದ್ದರೆ ಒಂದು. ಜಾರಿದ ಒದ್ದೆ ಹಗ್ಗ ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು? ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಇನ್ನೊಂದು. ಹೆಜ್ಜೇನು ಬೆಳದಿಂಗಳಲ್ಲೂ ಹಾರುವ ಜೀವ, ರಾತ್ರಿ ದೀಪಕ್ಕೆ ಮುತ್ತುತ್ತದೆ. ಹಬ್ಬದ ದಿನ ಮಕ್ಕಳು ಮರದ ಕೆಳಗೆ ನಿಂತಿರುವಾಗ ಜೇನು ಎದ್ದರೆ ಓಡಲು ಜಾಗ ಎಲ್ಲಿ? ಹಗಲು ಬೈನಾಕ್ಯುಲರ್ ಹಿಡಿದು ತುದಿವರೆಗೂ ನೋಡಿಯೇ ನಾನು ರೇಟು ಹೇಳುವುದು. ಹದ್ದಿನ ಗೂಡು ಕಂಡರೂ ಆ ವರ್ಷಕ್ಕೆ ಆ ಮರಕ್ಕೆ ರಜೆ.

ಮಳೆಮರದ ಕಥೆ ಬೇರೆ. ಕೊಡೆಯ ಹಾಗೆ ಹರಡಿದ ಮರಕ್ಕೆ ಸರ ಸುತ್ತುವುದು ಸುಮ್ನೆ ದುಡ್ಡು ದಂಡ. ಸಂಜೆಯಾದರೆ ಅದು ಎಲೆ ಮಡಚಿಕೊಳ್ಳುತ್ತದೆ, ಕೊಂಬೆಗಳ ಜಾಲ ಬಿಡಿಬಿಡಿಯಾಗಿ ಕಾಣುತ್ತದೆ. ಬುಡದಿಂದ ಸ್ವಲ್ಪ ದೂರದಲ್ಲಿ ಹಳದಿ ಬೆಳಕಿನ ಎರಡು ಫ್ಲಡ್ ಲೈಟ್ ಮೇಲ್ಮುಖವಾಗಿ ಇಡಿ, ಮುಗಿಯಿತು. ಅದು ರಸ್ತೆ ಬದಿಯ ಮರವಾದರೆ ನಿಮ್ಮದಲ್ಲ, ಪಾಲಿಕೆಯ ಅರಣ್ಯ ವಿಭಾಗವನ್ನು ಕೇಳದೆ ಮುಟ್ಟಬೇಡಿ.

ಕೆಲವರು ಮೊಬೈಲಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ ಮರ ತೋರಿಸುತ್ತಾರೆ. ಸುಮಾರು 50 ಸಾವಿರ ದೀಪ, ಕೊಂಬೆ ಕೊಂಬೆಗೂ ಸುತ್ತಿದ್ದು. ಹಾಗೇ ಬೇಕಂತೆ. ಅದು ಕಡಿದು ತಂದು ನಿಲ್ಲಿಸಿದ ಮರ, ಸುತ್ತಲೂ ಅಟ್ಟಣಿಗೆ ಕಟ್ಟಿ ದೀಪ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಅದು ಬೆಳೆಯಬೇಕಿಲ್ಲ. ನಿಮ್ಮದು ಬೆಳೆಯಬೇಕು.

ಜನವರಿ 6ಕ್ಕೆ ಮೂರು ರಾಯರ ಹಬ್ಬ (ಬಾಲಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ನೆನಪಿನ ಹಬ್ಬ) ಮುಗಿದರೆ ನಮ್ಮ ಇಳಿಸುವ ಕೆಲಸ. ಸರ ಬಿಚ್ಚಿದ ಮೇಲೆ ದಪ್ಪ ಹಗ್ಗದ ತುದಿಗೆ ತೆಳು ನೈಲಾನ್ ದಾರ ಗಂಟು ಹಾಕಿ ಎಳೆಯುತ್ತೇವೆ. ಹಗ್ಗ ಕೆಳಗೆ ಬರುತ್ತದೆ, ದಾರ ರಾಟೆಯಲ್ಲಿ ಉಳಿಯುತ್ತದೆ. ಮುಂದಿನ ಡಿಸೆಂಬರಿನಲ್ಲಿ ಆ ದಾರಕ್ಕೇ ಹಗ್ಗ ಕಟ್ಟಿ ಮೇಲೆ ಕಳಿಸುವುದು. ಬಿಸಿಲಿಗೆ ದಾರ ಪುಡಿಯಾಗಿದ್ದರೆ ಕೊನೆಗಾರರಿಗೆ ಫೋನ್. ಹೇಗೂ ಎರಡು ವರ್ಷಕ್ಕೊಮ್ಮೆ ಅವರು ಬರಲೇಬೇಕು. ಅಷ್ಟರಲ್ಲಿ ಕಾಂಡ ದಪ್ಪಗಾಗಿರುತ್ತದೆ, ರಾಟೆಯ ಪಟ್ಟಿ ಸಡಿಲಿಸಬೇಕಲ್ಲ.